ಅಜ್ಜಿ ಯಾಕೆ ಗಡಿಗೆ ಥರ ಕಾಣ್ತಾಳೆ? ಪಿಕ್ಸೆಲ್ ಪಾತ್ರದ ದೋಷ ಹುಡುಕುವ ಬಗೆ

ತಲೆ ಮೇಲೆ ಬುಟ್ಟಿ ಹೊತ್ತು ಹುಬ್ಬಳ್ಳಿಯ ದುರ್ಗದಬೈಲಿಗೆ ರೊಟ್ಟಿ ಮಾರಲು ಬರುವ ಒಬ್ಬ ಅಜ್ಜಿ. ಇದು ನಾನು ಪಿಕ್ಸೆಲ್, ಅಂದರೆ ಚಿಕ್ಕ ಚಿಕ್ಕ ಬಣ್ಣದ ಚೌಕ, ಜೋಡಿಸಿ ಕಟ್ಟಿದ ಪಾತ್ರ. 32 ಚೌಕ ಅಗಲ, 32 ಚೌಕ ಎತ್ತರ. ಹಸಿರು ಇಳಕಲ್ ಸೀರೆ, ಕೆಂಪು ಅಂಚು, ಬಿಳಿ ಕೂದಲು. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡಿದಾಗ ಚೆನ್ನಾಗೇ ಇದ್ದಳು. ಫೋನಿಗೆ ಹಾಕಿಕೊಂಡು ಧಾರವಾಡಕ್ಕೆ ಹೋದಾಗ ಸೋದರತ್ತೆಗೆ ತೋರಿಸಿದೆ. ಅತ್ತೆ ಕನ್ನಡಕ ಏರಿಸಿ ನೋಡಿ, "ಏನೋ ತಮ್ಮಾ ಇದು, ಗಡಿಗಿಗೆ ಸೀರಿ ಸುತ್ತೀಯೇನು?" ಅಂದರು.

ಮೂರು ಸಂಜೆ ಕೂತು ತಿದ್ದಿದೆ. ಕಣ್ಣು ತಿದ್ದಿದೆ, ಮೂಗು ತಿದ್ದಿದೆ, ಸೀರೆಗೆ ಇನ್ನೆರಡು ಶೇಡ್ ಹಾಕಿದೆ. ಗಡಿಗೆ ಇನ್ನೂ ಚಂದದ ಗಡಿಗೆ ಆಯ್ತು, ಅಷ್ಟೇ. ತಪ್ಪು ಇದ್ದದ್ದು ಬೇರೆ ಕಡೆ.

ಅತ್ತೆ ಕಸೂತಿ ಹಾಕುವವರು. ಕಸೂತಿಯಲ್ಲಿ ಬಟ್ಟೆ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಇಳಿಸುತ್ತಾರೆ. ಒಂದು ಎಳೆ ತಪ್ಪಿದರೆ ಗೋಪುರ ಸೊಟ್ಟ. ನಾನು ಮತ್ತೆ ಫೋನ್ ತೋರಿಸಿ "ಎಲ್ಲಿ ತಪ್ಪಿದೆ ಗೊತ್ತಾಗ್ತಿಲ್ಲ ಅತ್ತಿ" ಅಂದಾಗ ಅವರು ಹೇಳಿದ್ದು ಇಷ್ಟು: "ನೋಡೂದು ಬಿಡು, ಎಣಸು." ಈ ಬರಹದ ಅರ್ಧಕ್ಕರ್ಧ ಆ ಮಾತೇ.

ಕೆಲಸ ಶುರು ಮಾಡುವ ಮೊದಲು ಫೈಲಿನ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗುವವರೆಗೆ ಒಂದು ಚೌಕವನ್ನೂ ಮುಟ್ಟಬೇಡಿ. ಏಸ್‌ಪ್ರೈಟ್, ಲಿಬ್ರೆಸ್ಪ್ರೈಟ್, ಬ್ರೌಸರಿನಲ್ಲೇ ಓಡುವ ಪಿಸ್ಕೆಲ್, ಗಿಂಪ್, ಚಿತ್ರ ಬಿಡಿಸುವ ಸಾಫ್ಟ್‌ವೇರ್ ಯಾವುದಾದರೂ ಸರಿ. ದೋಷಗಳು ಎಲ್ಲದರಲ್ಲೂ ಒಂದೇ.

ಚಿತ್ರ ಕೆಟ್ಟಿದೆಯೋ, ಫೈಲ್ ಕೆಟ್ಟಿದೆಯೋ?

ಮೊದಲ ಪರೀಕ್ಷೆ ಇದೇ ಆಗಬೇಕು. ಇಲ್ಲದಿದ್ದರೆ ಸರಿ ಇರುವ ಚಿತ್ರವನ್ನು ತಿದ್ದಿ ತಿದ್ದಿ ಕೆಡಿಸುತ್ತೀರಿ.

ಪಾತ್ರ ಮಸುಕಾಗಿ ಕಾಣ್ತಿದೆಯಾ? ಬಣ್ಣ ಎಣಿಸಿ. ಗಿಂಪ್‌ನಲ್ಲಿ ಕಲರ್ಸ್ ಮೆನುವಿನ ಇನ್ಫೋ ಒಳಗೆ ಕಲರ್‌ಕ್ಯೂಬ್ ಅನಾಲಿಸಿಸ್ ಅಂತ ಇದೆ. ಚಿತ್ರದಲ್ಲಿ ಒಟ್ಟು ಎಷ್ಟು ಬಣ್ಣ ಇದೆ ಅಂತ ಅದು ಹೇಳುತ್ತದೆ. ನೀವು ಹಾಕಿದ್ದು 11 ಬಣ್ಣ, ಅದು ತೋರಿಸುವುದು ಐನೂರು, ಆರುನೂರು ಅಂತಾದರೆ ನಿಮ್ಮ ಕೈಯ ತಪ್ಪಲ್ಲ. ನಡುವೆ ಎಲ್ಲೋ ಚಿತ್ರ ಜೆಪೆಗ್ ಆಗಿದೆ, ಇಲ್ಲವೇ ಯಾವುದೋ ಸಾಫ್ಟ್‌ವೇರ್ ದೊಡ್ಡದು ಮಾಡುವಾಗ ಚೌಕಗಳ ನಡುವೆ ಬಣ್ಣ ಕಲಸಿದೆ. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಿದರೆ ಇದೇ ಗತಿ. ಡಾಕ್ಯುಮೆಂಟ್ ಅಂತ ಕಳಿಸಿ, ಪಿಎನ್‌ಜಿ ಹಾಗೇ ಹೋಗುತ್ತದೆ.

ಚೌಕಗಳು ಒಂದು ದಪ್ಪ ಒಂದು ಸಣ್ಣ ಕಾಣ್ತಿದ್ದರೆ 150% ಥರ ಅರೆಬರೆ ಅಳತೆಗೆ ಹಿಗ್ಗಿಸಿರುತ್ತೀರಿ. ಒಂದು ಚೌಕವನ್ನು ಒಂದೂವರೆ ಚೌಕ ಮಾಡಲು ಆಗಲ್ಲ ಅಲ್ವಾ? ಹಾಗಾಗಿ ಒಂದು ಚೌಕ ಎರಡಾಗುತ್ತದೆ, ಪಕ್ಕದ್ದು ಒಂದೇ ಉಳಿಯುತ್ತದೆ. 200, 400, 800, ಹೀಗೆ ಪೂರ್ತಿ ಮಡಿಗಳಲ್ಲೇ ಹಿಗ್ಗಿಸಿ. ಇಂಟರ್‌ಪೊಲೇಷನ್ (ಹಿಗ್ಗಿಸುವಾಗ ಹೊಸ ಚೌಕಗಳಿಗೆ ಬಣ್ಣ ತುಂಬುವ ಬಗೆ) ಅಂತ ಕೇಳಿದ ಕಡೆ 'ನನ್' ಅಥವಾ 'ನಿಯರೆಸ್ಟ್ ನೇಬರ್' ಆರಿಸಿ. ಒಂದು ಅಡ್ಡಮಾತು: ವಿಂಡೋಸ್‌ನಲ್ಲಿ ಡಿಸ್‌ಪ್ಲೇ ಸ್ಕೇಲಿಂಗ್ 125% ಇದ್ದರೂ ಚೌಕಗಳು ಹೀಗೇ ಸೊಟ್ಟ ಕಾಣಬಹುದು, ಫೈಲ್ ಮಾತ್ರ ಸರಿಯಾಗೇ ಇರುತ್ತದೆ. ಬೇರೆ ಪರದೆಯಲ್ಲಿ ಒಮ್ಮೆ ತೆಗೆದು ನೋಡಿ.

ಸ್ಟಿಕರ್ ಮಾಡಿಸೋಣ ಅಂತ ಒಮ್ಮೆ 32 ಚೌಕದ ಫೈಲನ್ನು ಹಾಗೇ ಅಂಗಡಿಗೆ ಕೊಟ್ಟಿದ್ದೆ. ಬಂದದ್ದು ಮಂಜಿನಲ್ಲಿ ನಿಂತ ಅಜ್ಜಿ. ತಪ್ಪು ನನ್ನದೇ. ಒಂದು ಇಂಚಿಗೆ 300 ಚುಕ್ಕೆ ಲೆಕ್ಕ ಹಿಡಿದರೆ 32 ಚೌಕ ಅಂದರೆ 3 ಮಿಲಿಮೀಟರ್ ಕೂಡ ಆಗಲ್ಲ. ಅಂಗಡಿಯವರ ಸಾಫ್ಟ್‌ವೇರ್ ಅದನ್ನು ಎಳೆದು ಹಿಗ್ಗಿಸಿ ಕಲಸಿತು. ಈಗ 32 ಪಟ್ಟು ಹಿಗ್ಗಿಸಿ 1024 ಚೌಕ ಮಾಡಿ ಕೊಡುತ್ತೇನೆ. ಸುಮಾರು 8.7 ಸೆಂಟಿಮೀಟರಿನ ಸ್ಟಿಕರ್ ಚೊಕ್ಕಟವಾಗಿ ಬರುತ್ತದೆ.

ಅಂಚಲ್ಲಿ ಬಿಳಿ ಚೂರು ಕಾಣುವುದು ಇನ್ನೊಂದು ಕಾಟ. ಗಿಂಪ್‌ನಲ್ಲಿ ಪೆನ್ಸಿಲ್ ಬದಲು ಪೇಂಟ್‌ಬ್ರಷ್ ಹಿಡಿದಿದ್ದೀರಿ ಅಂತ ಅರ್ಥ. ಪೇಂಟ್‌ಬ್ರಷ್ ಅಂಚಿಗೆ ಅರೆಪಾರದರ್ಶಕ ಚೌಕ ಬಿಡುತ್ತದೆ. ಜಿಫ್ ಫೈಲಿಗೆ ಅರ್ಧ ಅನ್ನುವುದು ಗೊತ್ತೇ ಇಲ್ಲ. ಒಂದೋ ಪೂರ್ತಿ ಇರಬೇಕು, ಇಲ್ಲಾ ಪೂರ್ತಿ ಇರಬಾರದು.

ಕಪ್ಪು ಬಳಿದು ನೋಡಿ

ಫೈಲ್ ಸರಿ ಇದೆ, ಆದರೂ ಪಾತ್ರ ಯಾರು ಅಂತ ತಿಳಿಯುತ್ತಿಲ್ಲ. ಆಗ ಇಡೀ ಪಾತ್ರಕ್ಕೆ ಒಂದೇ ಕಪ್ಪು ಬಣ್ಣ ತುಂಬಿ. ಝೂಮ್ 100%ಗೆ ಇಳಿಸಿ. ಫೋನನ್ನು ಕೈ ಚಾಚಿ ದೂರ ಹಿಡಿಯಿರಿ. ನಾನು ಈ ಪರೀಕ್ಷೆ ಮಾಡುವುದು ಚಿಗರಿ ಬಸ್ಸಿನಲ್ಲಿ, ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ. ಬಸ್ಸಿನ ಅಲುಗಾಟದಲ್ಲೂ ಗುರುತು ಸಿಕ್ಕರೆ ಪಾತ್ರ ಪಾಸ್.

ನನ್ನ ಅಜ್ಜಿ ಇಲ್ಲೇ ಫೇಲ್ ಆದಳು. ಕಪ್ಪು ಬಳಿದ ಕೂಡಲೇ ಅತ್ತೆ ಯಾಕೆ ಹಾಗಂದರು ಅಂತ ತಿಳಿಯಿತು. ಬುಟ್ಟಿ ಗಡಿಗೆಯ ಬಾಯಿ. ತಲೆ ಗಡಿಗೆಯ ಕುತ್ತಿಗೆ. ಸೀರೆ ಗಡಿಗೆಯ ಹೊಟ್ಟೆ. ಎರಡೂ ಕೈ ಮೈಗೆ ಅಂಟಿಕೊಂಡಿದ್ದವು, ಹಾಗಾಗಿ ಕೈ ಇದ್ದೂ ಇರಲಿಲ್ಲ.

ಎಣಿಸಿದೆ. ಮೇಲಿನಿಂದ ಕೆಳಗೆ ಬುಟ್ಟಿ 5 ಸಾಲು, ತಲೆ 6, ಮೈ 21. ಪಾದಕ್ಕೆ ಸೊನ್ನೆ. ಬುಟ್ಟಿಯ ಅಗಲ 14, ಸೀರೆಯ ಅಗಲವೂ 14. ಎಲ್ಲ ಒಂದೇ ಅಳತೆ ಇದ್ದರೆ ಕಣ್ಣಿಗೆ ಹಿಡಿಯಲು ಏನಿದೆ?

ಹೊಸ ಲೆಕ್ಕ ಹೀಗೆ ಹಾಕಿದೆ: ಬುಟ್ಟಿ 5, ತಲೆ 9, ಮೈ 15, ಪಾದ 3. ನಿಜವಾದ ಮನುಷ್ಯರ ತಲೆ ಇಷ್ಟು ದೊಡ್ಡದಿರಲ್ಲ, ಗೊತ್ತು. ಆದರೆ 6 ಸಾಲಿನಲ್ಲಿ ಮುಖ, ಕೂದಲು, ಕುಂಕುಮ ಹಿಡಿಸಲು ಆಗಲ್ಲ. ಬುಟ್ಟಿಯನ್ನು 18ಕ್ಕೆ ಹಿಗ್ಗಿಸಿದೆ, ಸೀರೆಯನ್ನು ಕೆಳಗೆ 10ಕ್ಕೆ ಇಳಿಸಿದೆ. ಮುಖ್ಯವಾದದ್ದು ಬಲಗೈ. ಅದನ್ನು ಮೇಲೆತ್ತಿ ಬುಟ್ಟಿ ಹಿಡಿಸಿದೆ, ಕೈಗೂ ತಲೆಗೂ ನಡುವೆ 2 ಚೌಕ ಖಾಲಿ ಬಿಟ್ಟೆ. ಆ ಖಾಲಿ ಜಾಗದಿಂದಲೇ ಅಜ್ಜಿ ಹುಟ್ಟಿದಳು ಅನ್ನಬೇಕು. ಕಪ್ಪಿನಲ್ಲಿ ಬೆಳಕು ತೂರುವ ಒಂದು ಕಿಂಡಿ ಇದ್ದರೆ ಕೈ ಕೈಯಾಗಿ ಕಾಣುತ್ತದೆ.

ಜಾಗ ಸಾಲದಿದ್ದರೆ ಏನು ಬಿಡಬೇಕು ಅನ್ನುವುದಕ್ಕೆ ಹಳೆಯ ಉದಾಹರಣೆ ಮಾರಿಯೋ. 1981ರ ಡಾಂಕಿ ಕಾಂಗ್ ಗೇಮಿನಲ್ಲಿ ಅವನನ್ನು ಚಿತ್ರಿಸುವಾಗ ಶಿಗೆರು ಮಿಯಾಮೊಟೊ ಅವರಿಗೆ ಸಿಕ್ಕ ಚೌಕಗಳು ತೀರಾ ಕಡಿಮೆ. ಬಾಯಿ ಬಿಡಿಸುವ ಕಷ್ಟ ಬೇಡ ಅಂತ ಮೀಸೆ, ಕೂದಲಿನ ತಂಟೆ ಬೇಡ ಅಂತ ಟೋಪಿ. ಮೈಗಿಂತ ತೋಳು ಬೇರೆಯಾಗಿ ಕಾಣಲಿ ಅಂತ ಓವರಾಲ್ ಉಡುಪು. ನಮ್ಮ ಕಡೆ ಈ ಕೆಲಸಕ್ಕೆ ರುಮಾಲು ಇದೆ, ಸೆರಗು ಇದೆ, ಕಂಬಳಿ ಇದೆ. ಸುಮ್ನೆ ಕೂದಲು ಬಿಡಿಸುತ್ತಾ ಕೂರಬೇಡಿ.

ಗೆರೆ ಹಲ್ಲು ಬಿಟ್ಟರೆ

ಅತಿ ಹೆಚ್ಚು ಜನ ಒದ್ದಾಡುವುದು ಇಲ್ಲಿ. ಆಕಾರ ಸರಿ ಇದೆ, ಆದರೆ ಗೆರೆ ಯಾಕೋ ನಡುಗಿದ ಹಾಗಿದೆ, ಗರಗಸದ ಹಲ್ಲಿನ ಹಾಗಿದೆ. ಕಣ್ಣಿಗೆ ಗೊತ್ತಾಗುತ್ತದೆ, ಬೆರಳಿಟ್ಟು ತೋರಿಸಲು ಬರುವುದಿಲ್ಲ. ಇಲ್ಲಿ ನೋಡುವುದರಿಂದ ಪ್ರಯೋಜನವೇ ಇಲ್ಲ, ಎಣಿಸಲೇಬೇಕು.

ಅತ್ತೆ ತಮ್ಮ ಹಳೆಯ ಕುಬುಸವೊಂದನ್ನು ತೆಗೆದು ತೋರಿಸಿದರು. ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆ: ಗವಂತಿ, ಮುರ್ಗಿ, ನೇಯ್ಗೆ, ಮೆಂತಿ. ಇದರಲ್ಲಿ ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪಿಕ್ಸೆಲ್‌ನ ಓರೆ ಗೆರೆಯೂ ಹೀಗೆಯೇ. ಮುರ್ಗಿಯ ಮೆಟ್ಟಿಲು ಯಾಕೆ ಚಂದ ಕಾಣುತ್ತದೆ ಅಂದರೆ ಪ್ರತಿ ಮೆಟ್ಟಿಲಿಗೂ ಎಳೆಗಳು ಅಷ್ಟೇ. "ಇಲ್ಲಿ ಎಲ್ಡು, ಅಲ್ಲಿ ಮೂರು ಮಾಡಿದ್ರ ಆ ಮೆಟ್ಟಲಾ ಹತ್ತಾವ್ರು ಬೀಳ್ತಾರ" ಅಂದರು ಅತ್ತೆ.

ಅಜ್ಜಿಯ ಸೆರಗಿನ ಓರೆ ಗೆರೆ ಎಣಿಸಿದೆ. ಒಂದೊಂದು ಮೆಟ್ಟಿಲಿನ ಉದ್ದ ಹೀಗಿತ್ತು: 2, 2, 3, 2, 1, 2. ಒಟ್ಟು 12. ಅದೇ 12ನ್ನು 2, 2, 2, 2, 2, 2 ಅಂತ ಹಂಚಿದೆ. ಎರಡು ಹೆಜ್ಜೆ ಆದ ಮೇಲೆ ಸಿಗುತ್ತಿದ್ದ ಎಡವು ಹೋಯಿತು. ಎರಡೇ ಎರಡು ಮೆಟ್ಟಿಲು ಬದಲಾಯಿಸಿದ್ದು.

ಬಾಗಿದ ಗೆರೆಗೆ ನಿಯಮ ಸ್ವಲ್ಪ ಬೇರೆ. ಅಲ್ಲಿ ಮೆಟ್ಟಿಲುಗಳು ಸಮ ಇರಬೇಕಿಲ್ಲ, ಕ್ರಮವಾಗಿ ಇಳಿಯುತ್ತಾ ಬರಬೇಕು. ಬುಟ್ಟಿಯ ತಳ ತೆಗೆದುಕೊಳ್ಳಿ. 18 ಅಗಲದಲ್ಲಿ ಅರ್ಧ ಅಂದರೆ 9. ನಡುವಿನಿಂದ ಅಂಚಿನ ಕಡೆಗೆ ನಾನು ಹಾಕಿದ್ದು 5, 1, 2, 1. ಐದರಿಂದ ಒಂದಕ್ಕೆ ಬಿದ್ದು, ಮತ್ತೆ ಎರಡಕ್ಕೆ ಎದ್ದಿದೆ. ಅಲ್ಲೇ ಒಂದು ಗಂಟು ಕಾಣುತ್ತಿತ್ತು. 5, 2, 1, 1 ಮಾಡಿದೆ. ಗಂಟು ಮಾಯ. ಇದನ್ನು ಒಂದು ಚೀಟಿಯಲ್ಲಿ ಬರೆದು ಪರದೆಯ ಮೂಲೆಗೆ ಅಂಟಿಸಿಕೊಂಡಿದ್ದೇನೆ: ಇಳಿದದ್ದು ಮತ್ತೆ ಏರಬಾರದು.

ಗೆರೆ ಅಲ್ಲಲ್ಲಿ ದಪ್ಪ ಕಾಣುತ್ತಿದ್ದರೆ ಮೂಲೆಗಳನ್ನು ನೋಡಿ. ಕೈಯಾರೆ ಎಳೆದ ಗೆರೆಯಲ್ಲಿ ಮೆಟ್ಟಿಲು ತಿರುಗುವ ಕಡೆ ಒಂದು ಚೌಕ ಹೆಚ್ಚಿಗೆ ಉಳಿದಿರುತ್ತದೆ. ಅದನ್ನು ಅಳಿಸಿದರೆ ಮುಗಿಯಿತು. ಏಸ್‌ಪ್ರೈಟ್‌ನಲ್ಲಿ ಪೆನ್ಸಿಲಿಗೆ 'ಪಿಕ್ಸೆಲ್-ಪರ್ಫೆಕ್ಟ್' ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿಟ್ಟರೆ ಆ ಚೌಕ ಬೀಳುವುದೇ ಇಲ್ಲ.

ಇಷ್ಟು ಮಾಡದೆ ನೇರವಾಗಿ ಅಂಚಿಗೆ ನಡುಬಣ್ಣದ ಚೌಕ ಹಚ್ಚಿ ಮೆದು ಮಾಡಲು ಹೊರಡುವವರಿದ್ದಾರೆ. ನಾನೂ ಹೊರಟಿದ್ದೆ. ಬಿರುಕು ಬಿಟ್ಟ ಗೋಡೆಗೆ ಸುಣ್ಣ ಬಳಿದ ಹಾಗೆ. ಮೊದಲು ಮೆಟ್ಟಿಲು ಸರಿಪಡಿಸಿ. ಆಮೇಲೂ ಬೇಕು ಅನಿಸಿದರೆ ಪಾತ್ರದ ಒಳಗಿನ ಗೆರೆಗಳಿಗೆ ಮಾತ್ರ ನಡುಬಣ್ಣ ಹಚ್ಚಿ. ಹೊರ ಅಂಚಿಗೆ ಹಚ್ಚಿದರೆ ಹಿನ್ನೆಲೆ ಬದಲಾದ ಕೂಡಲೇ ಪಾತ್ರದ ಸುತ್ತ ಕೊಳೆ ಹತ್ತಿದ ಹಾಗೆ ಕಾಣುತ್ತದೆ.

ಬಣ್ಣ ಇದ್ದೂ ಸಪ್ಪೆ

ಹಸಿರು ಸೀರೆಗೆ ಕೆಂಪು ಅಂಚು. ಬಟ್ಟೆ ಅಂಗಡಿಯಲ್ಲಿ ಎದ್ದು ಕಾಣುವ ಜೋಡಿ. ನನ್ನ ಪಾತ್ರದಲ್ಲಿ ಮಾತ್ರ ಅಂಚು ಸೀರೆಯೊಳಗೇ ಮುಳುಗಿತ್ತು. ಕೆಂಪನ್ನು ಇನ್ನೂ ಕೆಂಪು ಮಾಡಿದೆ, ಪ್ರಯೋಜನವಾಗಲಿಲ್ಲ.

ಇದಕ್ಕೆ ಪರೀಕ್ಷೆ ಬಣ್ಣ ತೆಗೆಯುವುದು. ಚಿತ್ರವನ್ನು ಬೂದು ಬಣ್ಣಕ್ಕೆ ಇಳಿಸಿ. ಕೈಯಾರೆ ಲೆಕ್ಕ ಮಾಡುವುದೂ ಸುಲಭ: ಕೆಂಪಿನ ಅಂಕಿಯ 30%, ಹಸಿರಿನ 59%, ನೀಲಿಯ 11% ಕೂಡಿಸಿ. ನನ್ನ ಅಂಚು ಕೆಂಪು 168, ಹಸಿರು 36, ನೀಲಿ 44. ಕೂಡಿಸಿದರೆ 76. ಸೀರೆ 30, 100, 60. ಕೂಡಿಸಿದರೆ 75. ಅಂದರೆ ಕಣ್ಣಿಗೆ ಎರಡರ ಬೆಳಕೂ ಒಂದೇ! ಅಷ್ಟು ಚಿಕ್ಕ ಚಿತ್ರದಲ್ಲಿ ಕಣ್ಣು ಮೊದಲು ಹಿಡಿಯುವುದು ಬೆಳಕು ಕತ್ತಲೆಯ ವ್ಯತ್ಯಾಸವನ್ನು, ಬಣ್ಣದ ಹೆಸರನ್ನಲ್ಲ. ಅಂಚನ್ನು 214, 84, 60ಕ್ಕೆ ಏರಿಸಿದೆ. ಬೂದಿನಲ್ಲಿ 120ರ ಆಸುಪಾಸು. ಅಂಚು ಎದ್ದು ಬಂತು.

ಹಾವೇರಿಯ ದೋಸ್ತನೊಬ್ಬ ಬ್ಯಾಡಗಿ ಮಾರುಕಟ್ಟೆಯ ಹಮಾಲನ ಪಾತ್ರ ಮಾಡಿದ್ದ. ಕೆಂಪು ರುಮಾಲು, ಹೆಗಲ ಮೇಲೆ ಮೆಣಸಿನಕಾಯಿ ಚೀಲ. ಬೆಳಕು ಕತ್ತಲೆ ಎಲ್ಲ ಸರಿ ಇತ್ತು, ಆದರೂ ರುಮಾಲು ಕೆಸರಿನಲ್ಲಿ ಅದ್ದಿದ ಹಾಗೆ ಕಾಣುತ್ತಿತ್ತು. ಅವನು ಕೆಂಪಿಗೆ ಕಪ್ಪು ಬೆರೆಸಿ ನೆರಳು, ಬಿಳಿ ಬೆರೆಸಿ ಹೊಳಪು ಮಾಡಿದ್ದ. ಕಾರಣ ಅದೇ. ಒಣಗಿದ ಒಂದು ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿಲಿಗೆ ಹಿಡಿಯಲು ಹೇಳಿದೆ. ಸುಕ್ಕಿನ ಒಳಗೆ ನೇರಳೆಗೆ ವಾಲಿದ ಕೆಂಪು, ಬಿಸಿಲು ಬಿದ್ದ ಏಣಿನ ಮೇಲೆ ಕಿತ್ತಳೆಗೆ ವಾಲಿದ ಕೆಂಪು. ಹಾಗಾಗಿ ಮೂರು ಕೆಂಪು ಆರಿಸಿದೆವು. ಹ್ಯೂ ಅಂಕಿ (ಬಣ್ಣದ ಚಕ್ರದಲ್ಲಿ ಆ ಬಣ್ಣದ ಜಾಗ) ನೆರಳಿಗೆ 327, ನಡುವಿಗೆ 356, ಹೊಳಪಿಗೆ 14. ಬೆಳಕು 36%, 66%, 87%. ರುಮಾಲು ತೊಳೆದು ಒಣಗಿಸಿದ ಹಾಗಾಯಿತು.

ನೆರಳು ಎಲ್ಲಿ ಬೀಳಬೇಕು ಅನ್ನುವ ತಪ್ಪು ಇದಕ್ಕಿಂತ ಸಾಮಾನ್ಯ. ಸುತ್ತ ಅಂಚಿಗೆಲ್ಲ ಕಪ್ಪು, ನಡುವೆ ಬಿಳುಪು ಹಾಕಿದರೆ ಪಾತ್ರ ದಿಂಬಿನ ಹಾಗೆ ಉಬ್ಬುತ್ತದೆ. ಸೂರ್ಯ ಎಲ್ಲಿದ್ದಾನೆ ಅಂತ ಮೊದಲು ನಿರ್ಧರಿಸಿ. ನನ್ನ ಅಜ್ಜಿಗೆ ಬೆಳಗಿನ ಹನ್ನೊಂದರ ಬಿಸಿಲು, ಎಡಗಡೆ ಮೇಲಿನಿಂದ. ಸರಿಯಾಗೇ ಹಾಕಿದ್ದೇನೆ ಅಂದುಕೊಂಡಿದ್ದೆ. ತಿಂಗಳು ಕಳೆದ ಮೇಲೆ ಗೊತ್ತಾಯಿತು, ತಲೆ ಮೇಲೆ ಅಷ್ಟು ದೊಡ್ಡ ಬುಟ್ಟಿ ಇದ್ದರೂ ಹಣೆ ಫಳಫಳ ಹೊಳೆಯುತ್ತಿದೆ! ಬುಟ್ಟಿಯ ನೆರಳು ಅಂತ ಮುಖದ ಮೇಲಿನ 2 ಸಾಲನ್ನು ಕಪ್ಪಾಗಿಸಿದೆ. ಆಗ ಬುಟ್ಟಿಗೆ ಭಾರ ಬಂತು.

ಬಣ್ಣ ಎಷ್ಟಿರಬೇಕು ಅಂತ ಕೇಳುತ್ತಾರೆ. 1989ರಲ್ಲಿ ಬಂದ ಗೇಮ್ ಬಾಯ್ ಒಟ್ಟು ನಾಲ್ಕು ಶೇಡಿನಲ್ಲಿ ಬದುಕಿತು. ನಿಂಟೆಂಡೊದ ಹಳೆಯ 8 ಬಿಟ್ ಯಂತ್ರದಲ್ಲಿ ಒಂದು ಸ್ಪ್ರೈಟಿಗೆ (ಗೇಮಿನೊಳಗೆ ಓಡಾಡುವ ಚಿಕ್ಕ ಚಿತ್ರಕ್ಕೆ) ಮೂರೇ ಬಣ್ಣ, ಮೇಲೆ ಪಾರದರ್ಶಕ ಒಂದು. ನನ್ನ ಅಜ್ಜಿಗೆ ಮೊದಲು 23 ಬಣ್ಣ ಇತ್ತು, ಈಗ 11. ತೆಗೆದ 12ರಲ್ಲಿ ಒಂದೂ ಬೇಕಾಗಿರಲಿಲ್ಲ.

ಮುಖದ ಮೇಲೆ ಕಸ

ಇದು ಚಿಕ್ಕ ದೋಷ. ಮುಖದಲ್ಲಿ ಅಲ್ಲೊಂದು ಇಲ್ಲೊಂದು ಒಂಟಿ ಚೌಕ ಉಳಿದಿದ್ದರೆ ಕಣ್ಣು ಅದನ್ನು ನೊಣ ಅಂದುಕೊಳ್ಳುತ್ತದೆ. ಕಣ್ಣಿನ ಹೊಳಪು, ಮೂಗುತಿ, ಕುಂಕುಮ ಬಿಟ್ಟರೆ ಒಂಟಿ ಚೌಕಕ್ಕೆ ಅಲ್ಲಿ ಕೆಲಸವಿಲ್ಲ. ಸುಕ್ಕು ತೋರಿಸಲು ಹೋಗಿ ನಾನು ಆರು ಚುಕ್ಕೆ ಇಟ್ಟಿದ್ದೆ. ಅಜ್ಜಿಗೆ ಮೈಲಿ ಎದ್ದ ಹಾಗಿತ್ತು.

ನಡೆಯುವಾಗ ಜಾರುತ್ತಾಳೆ

ನಿಂತ ಪಾತ್ರ ಸರಿ ಹೋದ ಮೇಲೆ ನಡೆಸಿ ನೋಡುವ ಆಸೆ. ಪ್ಲಾಟ್‌ಫಾರ್ಮ್ ಗೇಮ್ ಮಾಡೋಣ ಅಂದರೆ ಪ್ಲಾಟ್‌ಫಾರ್ಮಿಗೆ ನಮ್ಮೂರಲ್ಲಿ ಬರವಿಲ್ಲ, ಹುಬ್ಬಳ್ಳಿಯ ಸಿದ್ಧಾರೂಢ ರೈಲು ನಿಲ್ದಾಣದ್ದೇ 1507 ಮೀಟರ್ ಇದೆ.

ಕಾಲು ಐಸ್ ಮೇಲೆ ಜಾರಿದ ಹಾಗೆ ಕಂಡರೆ ಮತ್ತೆ ಎಣಿಸಿ. ಪಾತ್ರ ಪ್ರತಿ ಫ್ರೇಮಿಗೆ (ಚಲನೆಯ ಒಂದೊಂದು ಚಿತ್ರಕ್ಕೆ) 2 ಚೌಕ ಮುಂದೆ ಹೋಗುತ್ತಿದ್ದರೆ, ನೆಲದ ಮೇಲಿರುವ ಪಾದ ಚಿತ್ರದೊಳಗೆ ಪ್ರತಿ ಫ್ರೇಮಿಗೆ 2 ಚೌಕ ಹಿಂದೆ ಬರಬೇಕು. ಆಗ ಪಾದ ನೆಲಕ್ಕೆ ಕಚ್ಚಿಕೊಂಡು ನಿಂತ ಹಾಗೆ ಕಾಣುತ್ತದೆ. ನನ್ನದು ಒಂದು ಫ್ರೇಮಿನಲ್ಲಿ 3, ಇನ್ನೊಂದರಲ್ಲಿ 1 ಬರುತ್ತಿತ್ತು.

ಆ್ಯಪಿನಲ್ಲಿ ಚುರುಕಾಗಿ ನಡೆಯುವ ಪಾತ್ರ ಬ್ರೌಸರಿನಲ್ಲಿ ತೂಕಡಿಸಿದರೆ ಚಿತ್ರದ ತಪ್ಪಲ್ಲ. ಜಿಫ್‌ನಲ್ಲಿ ಸಮಯದ ಅಳತೆ ಸೆಕೆಂಡಿನ ನೂರನೇ ಒಂದು ಭಾಗ. ಫ್ರೇಮಿಗೆ 10 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಕೊಟ್ಟರೆ ಬ್ರೌಸರುಗಳು ಅದನ್ನು ಒಪ್ಪದೆ 100 ಮಾಡಿಕೊಳ್ಳುತ್ತವೆ. ನೀವೇ 100ರ ಸುತ್ತ ಇಟ್ಟುಬಿಡಿ. ನಾಲ್ಕು ಫ್ರೇಮಿನ ನಡಿಗೆಗೆ ಅದು ಜಾಸ್ತಿ ನಿಧಾನ ಅನಿಸುವುದಿಲ್ಲ.

ಕೊನೆಯ ದೋಷ ನನಗೆ ಎಣಿಸಿದರೂ ಸಿಗಲಿಲ್ಲ. ಕಲಿಸುವವರೆಲ್ಲ ಹೇಳುವುದು ಹೀಗೆ: ಕಾಲು ಅಗಲಿಸಿದಾಗ ಮೈ ತಗ್ಗಬೇಕು, ಒಂದು ಕಾಲು ಇನ್ನೊಂದನ್ನು ದಾಟುವಾಗ ಮೈ 1 ಚೌಕ ಏರಬೇಕು. ಹಾಗೇ ಮಾಡಿದೆ. ಅಜ್ಜಿ ಕುಣಿಯುತ್ತಿದ್ದಳು, ರೊಟ್ಟಿ ಬೀಳುವುದೊಂದೇ ಬಾಕಿ. ಒಂದು ಶನಿವಾರ ದುರ್ಗದಬೈಲಿನಲ್ಲಿ ಗಿರಮಿಟ್ ತಿನ್ನುತ್ತಾ ಅರ್ಧ ಗಂಟೆ ನಿಂತೆ. ಬುಟ್ಟಿ ಹೊತ್ತವರ ತಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕುತ್ತಿಗೆಯಿಂದ ಮೇಲೆ ಎಲ್ಲ ನಿಶ್ಚಲ. ಅಲುಗಾಟ ಪೂರ್ತಿ ಸೊಂಟದಲ್ಲಿ, ಮೊಣಕಾಲಲ್ಲಿ.

ಮನೆಗೆ ಬಂದು ತಲೆ, ಬುಟ್ಟಿ, ಎತ್ತಿದ ಕೈ ಮೂರನ್ನೂ ನಾಲ್ಕೂ ಫ್ರೇಮಿನಲ್ಲಿ ಒಂದೇ ಜಾಗಕ್ಕೆ ಕಟ್ಟಿಹಾಕಿದೆ. ಸೊಂಟದ ಹತ್ತಿರ ಸೀರೆಯನ್ನು 1 ಚೌಕ ಎಡಕ್ಕೆ, 1 ಚೌಕ ಬಲಕ್ಕೆ ಸರಿಸಿದೆ. ನಿರಿಗೆಯ ತುದಿ ಒಂದು ಫ್ರೇಮ್ ತಡವಾಗಿ ಹಿಂಬಾಲಿಸುತ್ತದೆ. ಜಿಫ್ ಮಾಡಿ ಅತ್ತೆಗೆ ಕಳಿಸಿದೆ, ಡಾಕ್ಯುಮೆಂಟ್ ಅಂತಲೇ.

ಸಂಜೆ ಫೋನ್ ಬಂತು. "ಈಗ ನಡ್ಯಾಕತ್ತಾಳ ನೋಡು. ಆದ್ರ ಚಪ್ಲಿ ಎಲ್ಲೈತೋ? ಇಂಥಾ ಬಿಸಲಾಗ ಬರಿಗಾಲಿಲೆ ಕಳಸೀಯಲ್ಲ."

ಪಾದಕ್ಕೆ ಇರುವುದು 3 ಸಾಲು. ಕೆಳಗಿನ ಒಂದು ಸಾಲನ್ನು ಚಪ್ಪಲಿಗೆ ಬಿಟ್ಟುಕೊಡಬಹುದು. ಬಣ್ಣ 12 ಆಗುತ್ತದೆ, ಆಗಲಿ.